ಎದುರು ಕುರ್ಚಿ

ಕಿಟಕಿಯ ಕೆಳಗೆ ಎರಡು ಬೆತ್ತದ ಕುರ್ಚಿಗಳು ಎದುರುಬದುರಾಗಿ ಇದ್ದವು. ಒಂದರ ಕೈ ಸಡಿಲವಾಗಿತ್ತು; ಕೂತವರು ಸ್ವಲ್ಪ ಮಿಸುಕಿದರೂ ಕಿರ್ರೆನ್ನುತ್ತಿತ್ತು. ಇನ್ನೊಂದರ ಬೆತ್ತ ನಡುವೆ ಜೋತುಬಿದ್ದು, ಎಂಥ ಆಜಾನುಬಾಹು ಕೂತರೂ ಅವನನ್ನು ಒಂದಿಷ್ಟು ಕುಗ್ಗಿಸಿಬಿಡುತ್ತಿತ್ತು. ಎಷ್ಟೋ ಸಲ ರಿಪೇರಿಯ ಮಾತು ಬಂದಿತ್ತು. ಮಾತು ಮುಗಿಯದ ಜಾಗ ಅದಾದ್ದರಿಂದ ರಿಪೇರಿ ಮಾತಿನಲ್ಲೇ ಉಳಿಯಿತು.

ಹಳೆಯ ಸುಂಕದ ಕಚೇರಿಯ ಮಹಡಿಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಮಾತಿನ ಕೂಟ ಸೇರುತ್ತಿತ್ತು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವಳು. ಅಷ್ಟು ಗಂಡಸರ ನಡುವೆ ಒಬ್ಬಳೇ ಹೆಂಗಸು. ಮೊದಮೊದಲು ಚಹಾ ಮಾಡುವ ಕೆಲಸವನ್ನು ನನಗೆ ದಾಟಿಸಲು ನೋಡಿದರು. ಸಕ್ಕರೆಯ ಬದಲು ಉಪ್ಪು ಹಾಕಿ ಒಂದೆರಡು ವಾರ ಕುಡಿಸಿದ ಮೇಲೆ ಆ ಆಸೆ ಬಿಟ್ಟರು.

ಕೂಟದ ಅಧ್ಯಕ್ಷರು ಪಟ್ಟಾಭಿರಾಮಯ್ಯ, ನಿವೃತ್ತ ಹೆಡ್‌ಮಾಸ್ತರು. ಕುರ್ಚಿಯ ಪದ್ಧತಿ ಅವರೇ ತಂದದ್ದು. ಇಬ್ಬರ ವಾದ ಕಾವೇರಿ ಮಾತು ಮಾತನ್ನು ತುಳಿಯತೊಡಗಿತೆಂದರೆ, ಅವರು ಮೇಜಿನ ಗಂಟೆ ಬಾರಿಸಿ "ಕುರ್ಚಿ" ಎನ್ನುತ್ತಿದ್ದರು. ಆಗ ಇಬ್ಬರೂ ಎದ್ದು ಜಾಗ ಬದಲಿಸಬೇಕು. ಎದುರು ಕುರ್ಚಿಯಲ್ಲಿ ಕೂತಷ್ಟು ಹೊತ್ತು ನೀವು ನೀವಲ್ಲ, ಎದುರಿನವರು. ಅವರ ವಾದವನ್ನು ಅವರ ಬಾಯಾಗಿ ನೀವು ಹೇಳಬೇಕು. ಅವರು ಕೇಳಿ "ಹೌದು, ನನ್ನ ಮಾತೇ" ಎಂದು ಒಪ್ಪುವ ತನಕ ಅಲ್ಲಿಂದ ಏಳುವ ಹಾಗಿಲ್ಲ, ಅವರು ಹೇಳಿಕೊಡುವ ಹಾಗೂ ಇಲ್ಲ. ಕೇಳಲು ಇದು ಮಕ್ಕಳಾಟ. ಆದರೆ ಆ ಕುರ್ಚಿಯಲ್ಲಿ ಬೆವರದ ಗಂಡಸನ್ನು ನಾನು ನೋಡಲಿಲ್ಲ.

ಅತಿ ಹೆಚ್ಚು ಸಲ ಆ ಕುರ್ಚಿಗಳನ್ನು ಬದಲಿಸಿದವರು ರುದ್ರಮುನಿ ಮತ್ತು ಇನಾಯತುಲ್ಲಾ. ರುದ್ರಮುನಿಯದು ಪಂಪಿನ ಬಿಡಿಭಾಗಗಳ ಅಂಗಡಿ. ಆತ ಒಂದು ಪಕ್ಷದ ಊರ ಮುಖಂಡ, ಧರ್ಮದ ಮಾತು ಬಂದರೆ ಕಣ್ಣು ಕೆಂಪಾಗುವ ಮನುಷ್ಯ. ಇನಾಯತ್ ವಕೀಲರು, ನಮ್ಮ ಕೂಟದ ಕಾರ್ಯದರ್ಶಿ, ಎದುರು ಪಕ್ಷಕ್ಕೆ ಓಟು ಹಾಕುತ್ತೇನೆಂದು ಯಾರ ಮುಂದೆಯೂ ಮುಚ್ಚಿಡದವರು. ರುದ್ರಮುನಿ ಸಡಿಲು ಕೈಯ ಕುರ್ಚಿಯವನು, ಇನಾಯತ್ ಜೋತುಬಿದ್ದ ಬೆತ್ತದವರು. ಹುಲಿ ಕರಡಿಯ ಹಾಗೆ ಕಾದಾಡಿ, ಕತ್ತಲಾಗುವ ಮುಂಚೆ ಒಟ್ಟಿಗೆ ಮೆಟ್ಟಿಲಿಳಿದು ಮಿರ್ಚಿ ಮಂಡಕ್ಕಿ ತಿನ್ನಲು ಹೋಗುತ್ತಿದ್ದರು. ಚುನಾವಣೆ ಮುಗಿದ ದಿನ ಮಂಡಕ್ಕಿಯ ಖರ್ಚು ಗೆದ್ದವರದು. ಊರಿನಲ್ಲಿ ನೆಮ್ಮದಿ ಇನ್ನೂ ಉಳಿದಿದೆ ಎಂದು ನನಗೆ ಅನ್ನಿಸುತ್ತಿದ್ದುದು ಅವರಿಬ್ಬರ ಬೆನ್ನು ನೋಡಿದಾಗ.

ಆ ವರ್ಷ ದೂರದ ನಗರದ ಸಂತೆಯಲ್ಲಿ ಬಾಂಬು ಸಿಡಿದು ಬಹಳ ಜನ ಸತ್ತರು. ದೇವರ ಹೆಸರು ಹೇಳಿಕೊಂಡು ಒಂದು ಗುಂಪು ಆ ಕೆಲಸ ತಮ್ಮದೆಂದು ಸಾರಿತು. ರುದ್ರಮುನಿಯ ಮಗಳು ಗಿರಿಜೆಯನ್ನು ಕೊಟ್ಟದ್ದು ಅದೇ ನಗರಕ್ಕೆ. ಆಕೆ ಕ್ಷೇಮವಾಗಿದ್ದಾಳೆಂಬ ಸುದ್ದಿ ಬರುವ ತನಕ ಆತ ಅಂಗಡಿಯ ಬಾಗಿಲು ತೆಗೆಯಲಿಲ್ಲ, ಅನ್ನ ಮುಟ್ಟಲಿಲ್ಲ. ಸುದ್ದಿ ಬಂದ ಮೇಲೂ ಆತನ ಮುಖ ಮೊದಲಿನಂತಾಗಲಿಲ್ಲ.

ಮುಂದಿನ ಭಾನುವಾರ ನಾವು ಸೇರಿದ್ದು ಸಂತಾಪ ಸಭೆಯ ವಿಚಾರಕ್ಕೆ. ಅಂಥ ಸಭೆಗಳನ್ನು ನಡೆಸಿಕೊಡುವವರು ಯಾವಾಗಲೂ ಇನಾಯತ್. ಅವತ್ತು ರುದ್ರಮುನಿ ಎದ್ದು ನಿಂತ.

"ತಪ್ಪು ತಿಳ್ಕೋಬೇಡಿ ವಕೀಲ್ರೇ," ಎಂದ. "ನಿಮ್ಮ ಮೇಲೆ ನನಗೆ ಯಾವ ಅನುಮಾನಾನೂ ಇಲ್ಲ. ಆದ್ರೆ ಈ ಸಲ ಎಲ್ಲಕ್ಕಿಂತ ಮೊದಲು ನೀವು ನಿಮ್ಮವರ ಪರವಾಗಿ ಒಂದು ಖಂಡನೆ ಮಾತು ಹೇಳ್ಬೇಕು. ಊರಿಗೆ ಸಮಾಧಾನ ಆಗುತ್ತೆ."

ಇನಾಯತ್ ಕನ್ನಡಕ ತೆಗೆದು ಒರೆಸಿದರು. ಸಿಟ್ಟು ಬಂದಾಗ ಅವರು ಮಾಡುತ್ತಿದ್ದುದು ಅದೊಂದೇ.

"ಖಂಡಿಸ್ತೀನಿ. ನೀವು, ನಾನು, ಎಲ್ಲರೂ ಒಟ್ಟಿಗೆ ನಿಂತು ಖಂಡಿಸೋಣ. ನಾನೊಬ್ಬನೇ ಮೊದಲು ಅಂದ್ರೆ ಆ ಕೊಲೆಗಡುಕರು ನನ್ನವರು ಅಂತ ನಾನೇ ಒಪ್ಪಿದ ಹಾಗಾಗುತ್ತೆ."

ವಾದ ಹತ್ತಿಕೊಂಡಿತು. ಅವರು ಕೊಂದದ್ದು ನಿಮ್ಮ ಧರ್ಮದ ಹೆಸರು ಹೇಳಿ, ಅಂದಮೇಲೆ ಅಲ್ಲವೆನ್ನಬೇಕಾದವರು ನೀವೇ ತಾನೇ ಎಂದ ರುದ್ರಮುನಿ. ಹಿಂದೊಮ್ಮೆ ಬೇರೊಂದು ಊರಿನಲ್ಲಿ ನಿಮ್ಮ ದೇವರಿಗೆ ಜೈಕಾರ ಹಾಕಿ ಜನರನ್ನು ಮನೆಯೊಳಗೇ ಸುಟ್ಟಾಗ, ನಿಮ್ಮವರ ಪರವಾಗಿ ಮಾತಾಡಿ ಎಂದು ನಾನು ನಿಮ್ಮ ಅಂಗಡಿಗೆ ಬಂದಿದ್ದೆನೇ ಎಂದು ಇನಾಯತ್ ಕೇಳಿದರು. ಆ ಮೂರ್ಖರನ್ನು ನಮ್ಮ ಪಕ್ಷದ ಕಚೇರಿಯಲ್ಲೇ ಬೈದು ಬಂದವನು ನಾನು ಎಂದ ರುದ್ರಮುನಿ; ಅದು ನಿಜವೂ ಆಗಿತ್ತು. ಬೈದಿರಿ, ಆದರೆ ಬೈಯಿರಿ ಎಂದು ನಿಮಗೆ ಯಾರೂ ಅಪ್ಪಣೆ ಕೊಡಲಿಲ್ಲವಲ್ಲ ಎಂದರು ಇನಾಯತ್. ಉಳಿದವರಲ್ಲಿ ಕೆಲವರು ಗೊಣಗಿದರು: ಹೇಗೂ ಖಂಡಿಸುತ್ತಾರಂತೆ, ಮೊದಲು ಖಂಡಿಸಿದರೆ ಗಂಟೇನು ಹೋಗುತ್ತದೆ? ಪಟ್ಟಾಭಿರಾಮಯ್ಯ ಗಂಟೆ ಬಾರಿಸಿದರು.

ಇನಾಯತ್ ಹೋಗಿ ಸಡಿಲು ಕೈಯ ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದು, ಮೆಲ್ಲಗೆ ಶುರುಮಾಡಿದರು.

"ನಾನು ರುದ್ರಮುನಿ. ಆ ಸಂತೆ ಬೀದೀಲಿ ನನ್ನ ಮಗಳು ದಿನಾ ತರಕಾರಿ ತರ್ತಾಳೆ. ಅವಳು ಇದ್ದಾಳೋ ಇಲ್ಲವೋ ಗೊತ್ತಿಲ್ಲದೆ ನಾನು ದೇವರ ಮನೆ ಬಾಗಿಲಲ್ಲಿ ಬಿದ್ದುಕೊಂಡಿದ್ದೆ. ಕೊಂದವನ ಮುಖ ನಾನು ನೋಡಿಲ್ಲ. ಆದ್ರೆ ಮುಖ ಇಲ್ಲದವನನ್ನ ದ್ವೇಷ ಮಾಡೋಕೆ ಆಗಲ್ಲ, ಒಂದು ಮುಖ ಬೇಕು. ನನಗೆ ಚೆನ್ನಾಗಿ ಗೊತ್ತಿರೋ ಮುಸಲ್ಮಾನನ ಮುಖ ಒಂದೇ, ಇನಾಯತ್‌ದು. ಅದು ಕಣ್ಮುಂದೆ ಬಂತು. ನನಗೆ ನಾಚಿಕೆ ಆಯ್ತು. ಅವರು ಎಲ್ಲರ ಮುಂದೆ ನಿಂತು ನಾನು ಅವನಲ್ಲ ಅಂದುಬಿಟ್ರೆ ಆ ಮುಖ ಹೋಗುತ್ತೆ, ಮೊದಲಿನ ಹಾಗೆ ಮಂಡಕ್ಕಿ ತಿನ್ನೋಕೆ ಹೋಗಬಹುದು. ನಾನು ಕೇಳ್ತಿರೋದು ಊರಿನ ಸಮಾಧಾನ ಅಲ್ಲ, ನನ್ನ ಸಮಾಧಾನ."

ರುದ್ರಮುನಿಯ ಕಣ್ಣು ತುಂಬಿತ್ತು. "ಹೌದು, ನನ್ನ ಮಾತೇ," ಎಂದ. ನಾನು ಇನಾಯತ್ ಕಡೆ ನೋಡಿದೆ. ತನ್ನನ್ನು ಗುರಿಮಾಡಿದ ಮಾತನ್ನು, ಆಡಿದವನಿಗಿಂತ ಚೆನ್ನಾಗಿ ಬಲ್ಲ ಮನುಷ್ಯ ಅದನ್ನು ಎಷ್ಟು ಕಾಲದಿಂದ ಕೇಳಿಸಿಕೊಂಡು ಬಂದಿರಬೇಕು.

ಈಗ ರುದ್ರಮುನಿಯ ಸರದಿ. ಜೋತುಬಿದ್ದ ಬೆತ್ತದೊಳಗೆ ಆತನ ದೊಡ್ಡ ಮೈ ಕುಸಿಯಿತು. "ನಾನು ಇನಾಯತ್," ಎಂದ. "ನಾನೂ ಈ ದೇಶದವನೇ. ನಮ್ಮ ಧರ್ಮ ಶಾಂತಿ ಹೇಳುತ್ತೆ." ಇನಾಯತ್ ತಲೆಯಾಡಿಸಿದರು, ಅಲ್ಲ. ರುದ್ರಮುನಿ ಮತ್ತೆ ಹೇಳಿದ. ನಾನು ಓದಿದವನು, ಉಳಿದವರ ಹಾಗಲ್ಲ ಎಂದ. ಅದಕ್ಕೂ ಇನಾಯತ್ ತಲೆಯಾಡಿಸಿದರು. ಒಂದಾದಮೇಲೊಂದು ಹೇಳುತ್ತಾ ಹೋದ, ಎಲ್ಲ ಭಾಷಣದ ಮಾತುಗಳೇ. ಬೆವರು ಒರೆಸಿಕೊಂಡ. ಕೊನೆಗೆ ಸುಮ್ಮನೆ ಎದುರು ಕೂತ ಗೆಳೆಯನ ಮುಖ ನೋಡಿದ, ಮಗ್ಗಿ ಮರೆತ ಹುಡುಗಿಯರು ನನ್ನ ತರಗತಿಯಲ್ಲಿ ನೋಡುತ್ತಿದ್ದ ಹಾಗೆ. ಇಷ್ಟು ವರ್ಷದ ಗೆಳೆತನದಲ್ಲಿ ಆ ಮನುಷ್ಯನ ಒಳಗೇನಿದೆಯೆಂದು ಆತನಿಗೆ ಗೊತ್ತಿರಲಿಲ್ಲ.

ಬಿಸಿಲು ಕಿಟಕಿಯಿಂದ ಇಳಿಯುತ್ತಿತ್ತು. ಸಭೆ ಮರುದಿನವೇ ಇತ್ತು. ಪಟ್ಟಾಭಿರಾಮಯ್ಯನವರಿಗೆ ಅದರ ಚಿಂತೆ. ಕುರ್ಚಿ ಮುಗಿಯದೆ ಏಳುವ ಹಾಗಿಲ್ಲ, ಕೂತಲ್ಲಿಂದಲೇ ಕೈ ಎತ್ತಿ, ನಿರ್ಧಾರ ಮಾಡಿಬಿಡೋಣ ಎಂದರು. ನಿಯಮಕ್ಕೇ ಅಂಟಿಕೊಂಡ ನಮ್ಮಂಥವರು ಮಾತ್ರ ಮಾಡಬಲ್ಲ ತಪ್ಪು ಅದು. ರುದ್ರಮುನಿಯ ಸೂಚನೆಗೆ ಕೆಲವರು ಕೈ ಎತ್ತಿದರು. ಬೇಡವೆಂದು ನಾನೂ ಮತ್ತೆ ಕೆಲವರೂ ಎತ್ತಿದೆವು. ಕುರ್ಚಿಯಲ್ಲಿದ್ದ ಇಬ್ಬರೂ ಎತ್ತಲಿಲ್ಲ; ಲೆಕ್ಕ ಸಮ ಬಂತು. ಸಮ ಬಂದರೆ ಸೂಚನೆ ಬಿದ್ದುಹೋಗುವುದು ನಮ್ಮ ನಿಯಮ. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಎದುರಿನ ಕುರ್ಚಿ ಕಿರ್ರೆಂದಿತು. ಇನಾಯತ್ ಕೈ ಎತ್ತಿದ್ದರು.

"ಸೂಚನೆಯ ಪರ," ಎಂದರು. "ಈ ಕುರ್ಚೀಲಿ ನಾನು ರುದ್ರಮುನಿ. ರುದ್ರಮುನಿ ಪರವಾಗೇ ಎತ್ತುತ್ತಿದ್ದರು."

ಅದು ಹಟವೋ, ನಿಯಮದ ಮೇಲಿನ ನಿಷ್ಠೆಯೋ, ಗೆಳೆಯನಿಗೆ ಕೊಟ್ಟ ಅವಕಾಶವೋ, ನನಗೆ ಇವತ್ತಿಗೂ ತಿಳಿಯದು. ಎಲ್ಲರ ಕಣ್ಣೂ ರುದ್ರಮುನಿಯ ಕಡೆ ಹೊರಳಿತು. ಆ ಕುರ್ಚಿಯಲ್ಲಿ ಆತ ಇನಾಯತ್. ಇನಾಯತ್ ಆಗಿ ಬೇಡವೆಂದು ಕೈ ಎತ್ತಿದ್ದರೆ ಲೆಕ್ಕ ಮತ್ತೆ ಸಮವಾಗುತ್ತಿತ್ತು. ಆತನ ಬಲಗೈ ತೊಡೆಯ ಮೇಲಿಂದ ಅಲುಗಿತು, ಬೆರಳುಗಳು ಬಿಚ್ಚಿಕೊಂಡವು. ಆಮೇಲೆ ಮಡಿಚಿಕೊಂಡವು. ಕೈ ಏಳಲಿಲ್ಲ.

ಈ ಮತ ಸಲ್ಲದು, ಕುರ್ಚಿ ಇನ್ನೂ ಮುಗಿದಿಲ್ಲ ಎಂದು ನಾನು ಎದ್ದು ಜಗಳಕ್ಕೇ ನಿಂತೆ. ಹೆಡ್‌ಮಾಸ್ತರು ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾತಿಯವರಲ್ಲ. ಆಯಿತು, ನಿರ್ಧಾರವಾಯಿತು, ಕುರ್ಚಿ ಇವತ್ತಿಗೆ ಸಾಕು ಎಂದರು. ಅವತ್ತು ಮೆಟ್ಟಿಲನ್ನು ಇನಾಯತ್ ಒಬ್ಬರೇ ಇಳಿದರು.

ಸಂತಾಪ ಸಭೆಗೆ ಊರೇ ಸೇರಿತ್ತು. ಇನಾಯತ್ ಒಪ್ಪಿದ್ದನ್ನು ಮಾಡಿದರು. ಎಲ್ಲರಿಗಿಂತ ಮೊದಲು ಎದ್ದು, ನಮ್ಮವರ ಪರವಾಗಿ ಈ ಹೇಯ ಕೃತ್ಯವನ್ನು ಖಂಡಿಸುತ್ತೇನೆ ಎಂದು ಅಚ್ಚುಕಟ್ಟಾಗಿ ಹೇಳಿ ಕೂತರು. ಜನ ಚಪ್ಪಾಳೆ ತಟ್ಟಿದರು. ಸತ್ತವರಿಗಾಗಿ ಸೇರಿದ ಸಭೆಯಲ್ಲಿ ಚಪ್ಪಾಳೆ. ಪಕ್ಕದಲ್ಲಿದ್ದ ರುದ್ರಮುನಿ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ.

ಆಮೇಲೆ ಇನಾಯತ್ ಕೂಟಕ್ಕೆ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಮಳೆಯ ವಿಷಯ, ಕೋರ್ಟಿನ ವಿಷಯ ಮಾತಾಡುತ್ತಿದ್ದರು; ನಗುತ್ತಲೂ ಇದ್ದರು. ಆ ಮರ್ಯಾದೆ ಬೈಗುಳಕ್ಕಿಂತ ನೋಯಿಸುತ್ತಿತ್ತು. ಒಂದು ದಿನ ರುದ್ರಮುನಿ ನನ್ನ ಶಾಲೆಯ ಗೇಟಿನ ಹತ್ತಿರ ಕಾಯುತ್ತಿದ್ದ. "ವಕೀಲ್ರ ಮನೆಗೆ ಹೋಗ್ಬೇಕು ಮೇಡಂ, ನೀವೂ ಬನ್ನಿ," ಎಂದ. ಆಮೇಲೆ ನೆಲ ನೋಡುತ್ತ, "ನನಗೆ ಮನೆ ಗೊತ್ತಿಲ್ಲ," ಎಂದ.

ನಾನು ಹಬ್ಬಕ್ಕೆ ಹೋಗಿ ಪಾಯಸ ಕುಡಿದು ಬಂದ ಮನೆ ಅದು. ರುದ್ರಮುನಿಯನ್ನೂ ಅವರು ಪ್ರತಿ ವರ್ಷ ಕರೆಯುತ್ತಿದ್ದರು. ಆತ ಪ್ರತಿ ವರ್ಷ ಬುಟ್ಟಿ ತುಂಬ ಹಣ್ಣು ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದ. ಬೀದಿಗೆ ತೆರೆಯುವ ಕಿಟಕಿಗಳಲ್ಲಿ ಗಾಜು ಇರಲಿಲ್ಲ, ತಗಡು ಹೊಡೆದಿದ್ದರು. ಇನಾಯತ್ ಕೋರ್ಟಿಗೆ ಹೋಗಿದ್ದರು. ಅವರ ಹೆಂಡತಿ ಬಿಲ್ಕೀಸ್ ನಮ್ಮನ್ನು ಕೂರಿಸಿ ಶರಬತ್ತು ಕೊಟ್ಟರು. ಯಾರು ಒಡೆದರು ಎಂದು ರುದ್ರಮುನಿ ಕೇಳಿದ. ತನ್ನ ಪಕ್ಷದ ಹುಡುಗರಿರಬಹುದೆಂಬ ಭಯ ಆತನಿಗೆ.

"ನಿಮ್ಮವರಲ್ಲ," ಎಂದರು ಆಕೆ. "ನಮ್ಮ ಗಲ್ಲಿಯವರೇ. ನನ್ನ ಅಕ್ಕನ ಮಗನೇ ಮುಂದೆ ನಿಂತಿದ್ದ."

ಆಮೇಲೆ ಆಕೆ ಹೇಳಿದ್ದು ನಾವು ಕನಸಿನಲ್ಲೂ ಎಣಿಸದ ವಿಷಯ. ಹೊರಗಿನಿಂದ ಬರುತ್ತಿದ್ದ ಒಬ್ಬ ಪ್ರವಚನಕಾರ ಹುಡುಗರ ತಲೆಯಲ್ಲಿ ವಿಷ ತುಂಬುತ್ತಿದ್ದ. ಅವನಿಗೆ ನಮ್ಮ ಮಸೀದಿಯಲ್ಲಿ ಜಾಗವಿಲ್ಲ ಎಂದು ಇನಾಯತ್ ಕಮಿಟಿಯಲ್ಲಿ ಒಬ್ಬರೇ ನಿಂತು ಹಟ ಹಿಡಿದಿದ್ದರು. ನೆಂಟರು ಮನೆಗೆ ಬರುವುದು ಬಿಟ್ಟಿದ್ದರು. ಸಂತಾಪ ಸಭೆಯ ಸುದ್ದಿ ಆ ಹುಡುಗರಿಗೆ ಸಿಕ್ಕ ನೆಪವಾಯಿತು. ನಮ್ಮ ಪರವಾಗಿ ಮಾತಾಡಲು ನೀನು ಯಾರು, ಹಾಗಾದರೆ ಕೊಂದವರು ನಾವೇ ಎಂದು ಒಪ್ಪಿದೆಯಾ ಎಂದು ಬಾಗಿಲಲ್ಲಿ ನಿಂತು ಕೇಳಿದ್ದರು.

"ಇವರು ಅವರಿಗೆ ಉತ್ತರ ಕೊಡಲಿಲ್ಲ," ಎಂದರು ಬಿಲ್ಕೀಸ್. "ಹ್ಯಾಗೆ ಕೊಡ್ತಾರೆ? ಅದೇ ಮಾತನ್ನ ಇವರು ನಿಮ್ಮ ಹತ್ರ ಹೇಳಿದ್ರಂತಲ್ಲ."

ರುದ್ರಮುನಿ ಲೋಟವನ್ನು ಕೆಳಗಿಟ್ಟ. ಇಷ್ಟೆಲ್ಲ ನಮಗೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಹೇಳಿದ್ದರೆ ನೀವು ಮರುಗುತ್ತಿದ್ದಿರಿ, ನಿಮ್ಮಿಂದ ಕೇಳಿದವರು ನೋಡಿ ಅವರೆಲ್ಲ ಹೀಗೇ ಎನ್ನುತ್ತಿದ್ದರು ಎಂದು ಆಕೆ ಉತ್ತರಿಸಿದರು.

ಆ ಭಾನುವಾರ ರುದ್ರಮುನಿ ಎಲ್ಲರಿಗಿಂತ ಮೊದಲೇ ಬಂದು ಜೋತುಬಿದ್ದ ಬೆತ್ತದ ಕುರ್ಚಿಯಲ್ಲಿ ಕೂತಿದ್ದ. ನನ್ನ ಸರದಿ ಮುಗಿದಿಲ್ಲ ಎಂದ. ಒಪ್ಪಬೇಕಾದವರೇ ಇಲ್ಲವಲ್ಲ ಎಂದರು ಪಟ್ಟಾಭಿರಾಮಯ್ಯ. ಬರುವ ತನಕ ಕೂತಿರುತ್ತೇನೆ ಎಂದ. ಮತ್ತೆ ಅವನು ತನ್ನ ಹಳೆಯ ಕುರ್ಚಿಗೆ ಹೋಗಲೇ ಇಲ್ಲ. ಪಕ್ಷ ಬಿಡಲಿಲ್ಲ, ವಾದ ಬಿಡಲಿಲ್ಲ. ಕೆರೆಯ ಹೂಳಿನ ಬಗ್ಗೆ, ತೆರಿಗೆಯ ಬಗ್ಗೆ ಮೊದಲಿನಂತೆಯೇ ಕೂಗಾಡುತ್ತಿದ್ದ. ಆದರೆ ಪ್ರತಿ ಭಾನುವಾರ ಕೊನೆಗೆ ಖಾಲಿ ಕುರ್ಚಿಯ ಕಡೆ ತಿರುಗಿ, ಇನಾಯತ್ ಆಗಿ ಒಮ್ಮೆ ಹೇಳಿ ನೋಡುತ್ತಿದ್ದ. ಅವನ ಪಕ್ಷದವರು ಅವನಿಗೆ ವಕೀಲಸಾಹೇಬ ಎಂದು ಅಡ್ಡಹೆಸರಿಟ್ಟು ಆಡಿಕೊಂಡರು. ಮಳೆಗಾಲ ಬಂತು, ಹೋಯಿತು.

ಒಂದು ಮಧ್ಯಾಹ್ನ ರುದ್ರಮುನಿ ಹಾಗೆ ಹೇಳುತ್ತಿರುವಾಗ ಬಾಗಿಲಲ್ಲಿ ಇನಾಯತ್ ನಿಂತಿದ್ದರು. ನಾನು ನೋಡಿದೆ, ರುದ್ರಮುನಿಯೂ ನೋಡಿದ. ಮಾತು ನಿಲ್ಲಿಸಲಿಲ್ಲ.

"...ನನ್ನ ಗಲ್ಲೀಲಿ ಬೇಡ ಅಂತ ಹೇಳಿದ್ರೆ ನೀನು ಅವರ ಕಡೆ ಅಂತಾರೆ. ಈ ಮಹಡೀಲಿ ಬೇಡ ಅಂದ್ರೆ ನೀನು ಯಾರ ಕಡೆ ಅಂತ ಕೇಳ್ತಾರೆ. ರಾತ್ರಿ ನನ್ನ ಹೆಂಡತಿ ಕಿಟಕಿಗೆ ಬೆನ್ನು ಹಾಕಿ ಮಲಗಲ್ಲ. ನನಗೆ ಎರಡೂ ಕಡೆ ಭಯ. ಅದನ್ನ ನನ್ನ ಗೆಳೆಯನಿಗೆ ಹೇಳೋಕೂ ಭಯ." ಬಾಗಿಲ ಕಡೆ ನೋಡಿ, "ನಿಮ್ಮ ಮಾತೇನಾ?" ಎಂದು ಕೇಳಿದ.

ಇನಾಯತ್ ಕನ್ನಡಕ ತೆಗೆದು ಒರೆಸಿದರು.

"ಅರ್ಧ," ಎಂದರು. "ಭಯ ಹೇಳಿದ್ರಿ, ಚೆನ್ನಾಗೇ ಹೇಳಿದ್ರಿ. ಸಿಟ್ಟು ಹೇಳಲಿಲ್ಲ."

"ನನ್ನ ಮೇಲಾ?"

"ಹೇಳಿಕೊಡೋ ಹಾಗಿಲ್ಲ."

ಪಟ್ಟಾಭಿರಾಮಯ್ಯನವರ ಕೈ ಗಂಟೆಯ ಕಡೆ ಹೋಗಿ ಹಿಂದೆ ಬಂತು. ಇನಾಯತ್ ನಡೆದು ಬಂದು ಎದುರು ಕುರ್ಚಿಯಲ್ಲಿ ಕೂತರು. ಸಡಿಲು ಕೈ ಒಮ್ಮೆ ಕಿರ್ರೆಂದು ಸುಮ್ಮನಾಯಿತು. ರುದ್ರಮುನಿ ಜೋತುಬಿದ್ದ ಬೆತ್ತದಲ್ಲಿ ಕುಗ್ಗಿ ಕೂತು, ತೊಡೆಯ ಮೇಲಿದ್ದ ತನ್ನ ಬಲಗೈಯನ್ನು ಬಹಳ ಹೊತ್ತು ನೋಡಿದ. ಆಮೇಲೆ ತಲೆಯೆತ್ತದೆಯೇ ಮೊದಲಿನಿಂದ ಶುರುಮಾಡಿದ.

"ನಾನು ಇನಾಯತ್," ಎಂದ. "ಅವತ್ತು ಒಂದು ಕೈ ಏಳಲಿಲ್ಲ."