ಮೊದಲೆರಡು ಗೂಡು

ಹೋಬರ್ಟ್ ಸ್ಟಿನೆಟ್‌ನ ಅಂಗಡಿಯಲ್ಲಿ ಕೋಳಿಮೇವು, ಮೊಳೆ, ಹಗ್ಗ, ತೋಟಾ ಎಲ್ಲವೂ ಒಂದೇ ಕಟ್ಟೆಯ ಮೇಲೆ ಮಾರಾಟವಾಗುತ್ತಿದ್ದವು. ಡೆಸ್ಸಿ ಆ ಕಟ್ಟೆಯ ಮುಂದೆ ಕಾಲು ಗಂಟೆಯಿಂದ ನಿಂತಿದ್ದಳು. ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದು ಅವಳಿಗೆ ಹುಟ್ಟಿನಿಂದಲೇ ಕಷ್ಟ. ಎಲ್ಲರೂ ಹೋಗಿ ಅಂಗಡಿ ಖಾಲಿಯಾಗಲಿ ಎಂದು ಕಾಯುತ್ತಿದ್ದಳು.

"ಏನ್ ಕೂಸೇ, ಈ ಸಲ ಹಾವು ಜಾಸ್ತೀನಾ?" ಎನ್ನುತ್ತ ಹೋಬರ್ಟ್ ತಾನಾಗಿಯೇ ರವೆಗುಂಡಿನ ಪೊಟ್ಟಣಕ್ಕೆ ಕೈಹಾಕಿದ. ತುದಿಯಲ್ಲಿ ಗುಂಡಿನ ಬದಲು ರವೆಯಷ್ಟು ಸಣ್ಣ ಸೀಸದ ಕಾಳು ತುಂಬಿದ ತೋಟಾ ಅದು. ಹತ್ತು ಹೆಜ್ಜೆಯೊಳಗೆ ಹಾವಿನ ತಲೆ ಚಿಂದಿಯಾಗುತ್ತದೆ. ಅದರಾಚೆ ಏನೂ ಆಗುವುದಿಲ್ಲ.

"ರವೆ ಬೇಡ," ಎಂದಳು ಡೆಸ್ಸಿ.

ಹೋಬರ್ಟ್‌ನ ಕೈ ಅಲ್ಲೇ ನಿಂತಿತು. ಅವಳ ಅಕ್ಕನ ಗಂಡ ಗಾರ್ಲಂಡ್ ಟಕೆಟ್ ಗುರುವಾರ ಜೈಲಿನಿಂದ ಬಿಡುಗಡೆಯಾಗಿದ್ದು ಪಿಜನ್ ಕ್ರೀಕಿನ ಕಣಿವೆಗೆಲ್ಲ ಗೊತ್ತಿತ್ತು.

"ಅಕ್ಕ ಮೇಲೀನ್ ನಿನ್ ಮನೇಲೇ ಇದಾಳಾ?"

ಅವಳು ಹೌದೆಂದು ತಲೆಯಾಡಿಸಿದಳು.

"ನಿನ್ ಹತ್ರ ಇರೋದು ಯಾವ್ದು? ನಿನ್ ಚಿಕ್ಕಪ್ಪ ಥರ್ಲ್ ಬಿಟ್ಟುಹೋದ ಆ ಡಬ್ಬಾ ರಿವಾಲ್ವರ್ರೇನಾ? ಅದು ತಗಡಿನ ಡಬ್ಬಿ ಉರುಳಿಸೋಕೆ ಸರಿ ಕಣಮ್ಮ. ಮನುಷ್ಯನ್ನ ನಿಲ್ಸೋಕಲ್ಲ."

"ಅದೊಂದೇ ಇರೋದು."

ಹೋಬರ್ಟ್ ಎರಡು ಡಬ್ಬಿ ತೆಗೆದಿಟ್ಟ. "ಇದು ಟೊಳ್ಳುಮೂತಿದು. ಮಾಂಸದೊಳಗೆ ಹೋಗಿ ಅರಳುತ್ತೆ, ಅಳಿಲಿಗೆ ಚೆನ್ನಾಗಿರುತ್ತೆ. ಆದ್ರೆ ನಿನ್ ನಳಿಗೆ ಗಿಡ್ಡ, ವೇಗ ಸಾಲಲ್ಲ. ದಪ್ಪ ಬಟ್ಟೆ ಅಡ್ಡ ಬಂದ್ರೆ ಮೂತಿಗೆ ದಾರ ತುಂಬ್ಕೊಂಡು ದಂಡ ಆಗುತ್ತೆ. ಇದು ಗಟ್ಟಿಮೂತಿದು. ಅರಳಲ್ಲ, ಆದ್ರೆ ಆಳಕ್ಕೆ ಇಳಿಯುತ್ತೆ. ಒಂದಕ್ಕೆ ಬೀಳ್ತಾನೆ ಅಂದ್ಕೋಬೇಡ, ಹೊಡೀತಾನೇ ಇರು. ಈ ಜಾತಿ ತೋಟಾ ಒಂದೊಂದ್ಸಲ ಠುಸ್ ಅನ್ನುತ್ತೆ. ಗಾಬರಿ ಆಗ್ದೆ ಹೆಬ್ಬೆರಳಲ್ಲಿ ಮತ್ತೆ ಹಿಂದಿನ ಕುದುರೆ ಎಳಿ, ಉರುಳೆ ತಿರುಗಿ ಮುಂದಿನ ತೋಟಾದ ಗೂಡು ಬರುತ್ತೆ."

ಅವಳು ಗಟ್ಟಿಮೂತಿಯ ಡಬ್ಬಿ ಎತ್ತಿಕೊಂಡಳು.

"ಇನ್ನೊಂದ್ ಮಾತು. ಹೊಡಿಯೋಕ್ ಮುಂಚೆ ಬಾಯಿಬಿಟ್ಟು ಹೇಳು. ನಾಳೆ ಯಾರಾದ್ರೂ ಕೇಳ್ತಾರೆ, ಹೇಳಿದ್ಯಾ ಅಂತ. ಬಾಯಿ ಇದೆ ತಾನೇ ನಿಂಗೆ? ಇಪ್ಪತ್ತಾರು ವರ್ಷದಲ್ಲಿ ನಾನಂತೂ ನೋಡಿಲ್ಲಪ್ಪ."

ಆ ಕಣಿವೆಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸಣ್ಣ ರಿವಾಲ್ವರ್ ಇರುವ ಎಲ್ಲರೂ ಅದನ್ನು ಒಂದೇ ರೀತಿ ತುಂಬುತ್ತಿದ್ದರು. ಉರುಳೆಯ ಆರು ಗೂಡುಗಳಲ್ಲಿ ಮೊದಲೆರಡಕ್ಕೆ ವಿಷದ ತಾಮ್ರತಲೆ ಹಾವಿನ ಪಾಲಿನ ರವೆಗುಂಡು, ಉಳಿದ ನಾಲ್ಕಕ್ಕೆ ನಿಜವಾದ ಗುಂಡು. ಹುಲ್ಲು ಕೊಯ್ಯುವಾಗ ಹಾವು ಎದ್ದರೆ ಯೋಚಿಸಲು ಸಮಯವಿರುವುದಿಲ್ಲ. ಥರ್ಲ್ ಚಿಕ್ಕಪ್ಪ ಅಕ್ಕತಂಗಿಯರಿಬ್ಬರಿಗೂ ಹಾಗೆಯೇ ಕಲಿಸಿದ್ದ. ಮೇಲೀನಳನ್ನು ಮೆಚ್ಚಿಕೊಂಡು ಮನೆಗೆ ಬರುತ್ತಿದ್ದ ಗಾರ್ಲಂಡ್‌ಗೂ ಇದೇ ರಿವಾಲ್ವರ್ ಕೈಗೆ ಕೊಟ್ಟು ಕಲಿಸಿದ್ದ.

ಮೇ ತಿಂಗಳಲ್ಲಿ ಅವನು, ತಂಗಿಯ ಮನೆ ಸೇರಿದ್ದ ಹೆಂಡತಿಯನ್ನು ಎಳೆದೊಯ್ಯಲು ಬಂದಾಗ ಡೆಸ್ಸಿ ಅವನ ಮೇಲೆ ಮೊದಲೆರಡನ್ನು ಹಾರಿಸಿದ್ದಳು. ಅವನು ಕಣ್ಣಿಗೆ ತೋಳು ಅಡ್ಡ ಹಿಡಿದು, ಅಂಗಿಯ ಮೇಲೆ ರವೆ ತಿಂದು, ನಗುತ್ತ ಬಂದು ರಿವಾಲ್ವರನ್ನು ಕಿತ್ತು ಬಾವಿಯ ಕಡೆ ಎಸೆದಿದ್ದ. ಆಮೇಲೆ ರಕ್ತದ ಚುಕ್ಕೆಗಳಿದ್ದ ಅದೇ ಕೈಯಿಂದ ಮೇಲೀನಳ ಎರಡು ಬೆರಳುಗಳನ್ನು ಬಾಗಿಲಸಂದಿಗೆ ಇಟ್ಟು ಬಾಗಿಲು ಹಾಕಿದ್ದ. ಅದಕ್ಕೆ ಅವನು ಜೈಲಿಗೆ ಹೋದರೂ ಆ ಸದ್ದು ಡೆಸ್ಸಿಯ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಡೆಸ್ಸಿ ಅಂಗಡಿಯಿಂದ ಮನೆಗೆ ಬಂದಾಗ ಮೇಲೀನ್ ನೆಟ್ಟಗಾಗದ ಆ ಬೆರಳುಗಳನ್ನು ಮೇಲೆತ್ತಿಕೊಂಡೇ ಬೀನ್ಸ್ ಬಿಡಿಸುತ್ತಿದ್ದಳು. ಒಲೆಯಲ್ಲಿ ಜೋಳದ ಬ್ರೆಡ್ಡು ಬೇಯುತ್ತಿತ್ತು.

"ಮೊದಲೆರಡು ರವೇನೇ ಹಾಕ್ತೀಯಲ್ಲ?"

ಡೆಸ್ಸಿ ಏಪ್ರನ್ ಕಟ್ಟಿಕೊಂಡಳು.

"ಡೆಸ್, ಮುಖಕ್ಕೆ ಉರಿ ಹತ್ತಿದ್ರೆ ಸಾಕು ಕಣೇ. ಸಾಯಿಸ್ಬೇಡ. ಅವನು ಯಾವಾಗ್ಲೂ ಹಿಂಗಿರ್ಲಿಲ್ಲ."

ತಂಗಿಯ ಮೌನವನ್ನು ಒಪ್ಪಿಗೆಯೆಂದುಕೊಂಡು ಮೇಲೀನ್ ಮತ್ತೆ ಬೀನ್ಸಿಗೆ ಕೈಹಾಕಿದಳು. ಡೆಸ್ಸಿ ಹಜಾರಕ್ಕೆ ಹೋಗಿ ಉರುಳೆಯ ಬದಿಯ ಮುಚ್ಚಳ ತೆರೆದಳು. ಹೊರತೆಗೆದ ಹಳೆಯ ತೋಟಾಗಳಲ್ಲಿ ರವೆಗುಂಡು ಎರಡಿದ್ದವು. ಅವುಗಳನ್ನು ಅಂಗೈಯಲ್ಲಿಟ್ಟು ನೋಡಿದಳು. ಇವನ್ನು ಹಾಕಿದರೆ ಅಕ್ಕ ಉಳಿಯುವುದಿಲ್ಲ. ಹಾಕದಿದ್ದರೆ ಗಾರ್ಲಂಡ್ ಉಳಿಯುವುದಿಲ್ಲ. ಎರಡನ್ನೂ ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಆರು ಗೂಡಿಗೂ ಗಟ್ಟಿಮೂತಿಯನ್ನೇ ಒಂದೊಂದಾಗಿ ತಳ್ಳಿದಳು.

ಮಧ್ಯಾಹ್ನ ಎರಡಕ್ಕೆ ಗಾರ್ಲಂಡ್‌ನ ಟ್ರಕ್ಕು ಅಂಗಳದಲ್ಲಿ ನಿಂತಿತು. ಆಗಸ್ಟಿನ ಬಿಸಿಲಿಗೆ ಕೋಳಿಗಳು ಬಾಯಿ ಕಳೆದು ಬಿದ್ದಿದ್ದವು. ಟ್ರಕ್ಕಿನಿಂದ ಇಳಿದವನು ಚಳಿಗಾಲದ ದಪ್ಪ ಕ್ಯಾನ್ವಾಸ್ ಬೇಟೆಕೋಟು ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡಿದ್ದ. ಕೈಯಲ್ಲಿ ಕೊಡಲಿಯ ಬರೀ ಮರದ ಹಿಡಿ. ಕೋಟು ಕಂಡೊಡನೆ ಡೆಸ್ಸಿಗೆ ಅರ್ಥವಾಯಿತು. ರವೆ ತಡೆಯಲೆಂದೇ ತೊಟ್ಟು ಬಂದಿದ್ದಾನೆ. ಎರಡು ತಿಂದು, ಮೂರನೆಯದರೊಳಗೆ ಅವಳನ್ನು ಮುಟ್ಟುವ ಲೆಕ್ಕ.

ಅವಳು ಜಗಲಿಯ ಮೆಟ್ಟಿಲ ಮೇಲೆ ನಿಂತಳು. ಹಿಂದೆ ಅಡುಗೆಮನೆಯ ಬಾಗಿಲಿಗೆ ಚಿಲಕ ಬಿತ್ತು.

"ಓಹೋ, ಮೂಗಿ ಕಾವಲಿಗೆ ನಿಂತಿದಾಳೆ! ಎಲ್ಲೇ ನನ್ ಹೆಂಡ್ತಿ? ಈ ಸಲ ಬರೀ ಬೆರಳಲ್ಲ, ಪೂರ್ತಿ ಲೆಕ್ಕ ಚುಕ್ತಾ ಮಾಡ್ಕೊಂಡೇ ಹೋಗೋದು."

ಅವನಿಗೆ ತಿಳಿಸಬೇಕಿತ್ತು. ಅವನು ಹದಿನೈದು ಹೆಜ್ಜೆಯ ದೂರಕ್ಕೆ ಬಂದಾಗ ಡೆಸ್ಸಿಯ ಮಾತು ಹೊರಟಿತು, ಗಾಳಿಗಿಂತ ಸ್ವಲ್ಪ ಜೋರಾಗಿ.

"ಗಾರ್ಲಂಡ್, ಇದ್ರಲ್ಲಿ ರವೆ ಇಲ್ಲ."

ಅವನು ನಿಂತು ಕೇಳಿಸಿಕೊಂಡ. ಆಮೇಲೆ ಹೊಟ್ಟೆ ಹಿಡಿದು ನಕ್ಕ. "ಆಗಸ್ಟಲ್ಲಿ? ಥರ್ಲ್ ಸಾಕಿದ ಹುಡುಗಿ? ಸುಳ್ಳು ಹೇಳೋದೂ ಕಲ್ತ್‌ಬಿಟ್ಯಲ್ಲೇ!" ಎಂದವನೇ ಎಡತೋಳನ್ನು ಕಣ್ಣಿಗೆ ಅಡ್ಡ ಹಿಡಿದು, ತಲೆ ತಗ್ಗಿಸಿ ನುಗ್ಗಿದ.

ಡೆಸ್ಸಿ ಹಾರಿಸಿದಳು. ಕೋಟಿನ ಎದೆಯಿಂದ ಧೂಳು ಚಿಮ್ಮಿತು.

"ಒಂದು!" ಎಂದು ಕೂಗಿದ, ಓಡುತ್ತಲೇ.

ಮತ್ತೆ ಹಾರಿಸಿದಳು. ಹೊಟ್ಟೆಯ ಮೇಲೆ ಸಣ್ಣ ತೂತು ಬಿತ್ತು.

"ಎರ—" ಅಷ್ಟೇ ಹೊರಟಿದ್ದು. ಉಳಿದದ್ದು ಕೆಮ್ಮಾಯಿತು. ತೋಳು ಕಣ್ಣಿನಿಂದ ಇಳಿಯಿತು. ತನ್ನ ಎದೆಯನ್ನು ಅವನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. ಆದರೂ ಕಾಲು ನಿಲ್ಲಲಿಲ್ಲ. ಕೊಡಲಿಯ ಹಿಡಿ ಬೀಸಿ ಬಂದು ಡೆಸ್ಸಿಯ ಹೆಗಲಿಗೆ ಬಡಿಯಿತು. ಹೆಗಲ ಮೂಳೆ ಒಣ ಕಡ್ಡಿಯಂತೆ ಲಟಕ್ಕೆಂದಿತು. ಅವಳು ಮೆಟ್ಟಿಲ ಮೇಲೆ ಮಗುಚಿಬಿದ್ದಳು. ಅವನು ಮೈಮೇಲೆ ಬಿದ್ದು ಹಿಡಿಯನ್ನು ಕುತ್ತಿಗೆಗೆ ಅಡ್ಡವಿಟ್ಟು ಒತ್ತಿದ. ಅವನ ಬಾಯಿಂದ ಬಿಸಿ ರಕ್ತ ಅವಳ ಕೆನ್ನೆಗೆ ಸುರಿಯುತ್ತಿತ್ತು.

ಡೆಸ್ಸಿ ಕುದುರೆ ಎಳೆದು ಕೊಕ್ಕೆ ಒತ್ತಿದಳು. ಠುಸ್.

ಅವನ ಕಣ್ಣು ಅರಳಿತು. ಅವಳಿಗೆ ಕಣ್ಣು ಕತ್ತಲೆಗಟ್ಟುತ್ತಿದ್ದರೂ ಹೆಬ್ಬೆರಳು ಹೋಬರ್ಟ್ ಹೇಳಿದ್ದನ್ನು ಮರೆಯಲಿಲ್ಲ. ಮತ್ತೆ ಎಳೆಯಿತು, ಮುಂದಿನ ಗೂಡು ಬಂತು. ನಳಿಗೆಯ ತುದಿಯನ್ನು ಅವನ ದವಡೆಯ ಕೆಳಗಿಟ್ಟು ಒತ್ತಿದಳು. ಅವನ ಭಾರವೆಲ್ಲ ಒಮ್ಮೆಲೇ ಅವಳ ಮೇಲೆ ಕುಸಿಯಿತು. ಅವನ ಹಿಮ್ಮಡಿ ಎರಡು ಸಲ ಮೆಟ್ಟಿಲನ್ನು ಒದ್ದು ನಿಂತಿತು.

ಮೇಲೀನ್ ಓಡಿಬಂದು ಅವನನ್ನು ಹೊರಳಿಸಿದಳು. ಅಡುಗೆಮನೆಯ ಟವೆಲ್ಲನ್ನು ಅವನ ಕುತ್ತಿಗೆಗೆ ಒತ್ತಿದಳು, ಇನ್ನೊಂದನ್ನು ತಂದು ಒತ್ತಿದಳು. ಮೂರನೆಯದನ್ನು ತರಲಿಲ್ಲ.

"ರವೆ ಹಾಕ್ತೀನಿ ಅಂದಿದ್ಯಲ್ಲೇ."

"ಅಂದಿರ್ಲಿಲ್ಲ."

ಒಂದು ಗಂಟೆಯೊಳಗೆ ಪೊಲೀಸ್ ಡೆಪ್ಯುಟಿ ರಾಡ್ಕಿನ್ ಇಬ್ಬರು ಸಹಾಯಕರೊಂದಿಗೆ ಬಂದ. ಅವನೂ ಅದೇ ಕಣಿವೆಯವನು. ಉರುಳೆ ತಿರುಗಿಸಿ ಮೂರು ಖಾಲಿ ತೋಟಾ, ಒಂದು ಠುಸ್ಸಾದದ್ದು, ಎರಡು ಹಾಗೇ ಉಳಿದವು ಎಂದು ನೋಡಿದ. ಆಮೇಲೆ ಹೆಣದ ಮೇಲಿದ್ದ ಚಳಿಗಾಲದ ಕೋಟನ್ನು ಬಹಳ ಹೊತ್ತು ನೋಡಿದ.

"ಡೆಸ್ಸಿ, ಮೊದಲೆರಡು ಹಾವಿಂದು ಅಂತ ಇಲ್ಲಿ ಎಲ್ರಿಗೂ ಗೊತ್ತು. ಇವ್ನೂ ಅದನ್ನೇ ನಂಬ್ಕೊಂಡು ಬಂದಿದಾನೆ. ಇಲ್ಲ ಅಂತ ಇವ್ನಿಗೆ ಹೇಳಿದ್ಯಾ?"

ಡೆಸ್ಸಿ ಬಾಯಿ ತೆರೆದಳು. ಸ್ವರ ಬರಲಿಲ್ಲ.

"ಹೇಳಿದ್ಲು," ಎಂದಳು ಮೇಲೀನ್. ಕೈಯಲ್ಲಿ ರಕ್ತದ ಟವೆಲ್ ಇನ್ನೂ ಇತ್ತು. "ಎರಡ್ ಸಲ ಕೂಗಿ ಹೇಳಿದ್ಲು. ಒಳಗೆ ನಂಗೇ ಕೇಳಿಸ್ತು."

ಒಳಗೆ ಮೇಜಿನ ಕೆಳಗೆ ಅಕ್ಕ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಿರಬೇಕು. ಮೇ ತಿಂಗಳಿನಿಂದ ಅವಳು ಟ್ರಕ್ಕಿನ ಸದ್ದು ಕೇಳಿದಾಗಲೆಲ್ಲ ಹಾಗೆಯೇ ಕೂರುತ್ತಿದ್ದಳು. ಡೆಸ್ಸಿ ಅವಳ ಮುಖ ನೋಡಿದಳು. ಆಮೇಲೆ ಮುರಿದ ಹೆಗಲನ್ನು ಹಿಡಿದುಕೊಂಡು ಎದ್ದು ನಿಂತಳು.

"ಒಂದೇ ಸಲ," ಎಂದಳು. ಟ್ರಕ್ಕಿನ ಬಳಿ ನಿಂತಿದ್ದ ಸಹಾಯಕರಿಬ್ಬರೂ ತಿರುಗಿ ನೋಡಿದರು. "ಒಂದೇ ಸಲ ಹೇಳಿದ್ದು. ಅವನು ನಿಂತು ಕೇಳಿಸ್ಕೊಂಡ."