ಕಿರ್ ಅನ್ನುವ ಬ್ರೇಕು

ಅತ್ತೆಯ ಲೆಕ್ಕದಲ್ಲಿ ಲೋಕದ ಎಲ್ಲ ರೋಗಕ್ಕೂ ಮದ್ದು ಒಂದೇ: ಹೊಲಿಗೆ ಮಿಷನ್ನಿನ ಎಣ್ಣೆ. ಬಾಗಿಲು ಕಿರ್ ಅಂದರೆ ಎರಡು ತೊಟ್ಟು, ಕತ್ತರಿ ಬಿಗಿಯಾದರೆ ಒಂದು ತೊಟ್ಟು, ಕುರ್ಚಿ ಗೊಣಗಿದರೆ ಅದಕ್ಕೂ ಒಂದು. ಆಯುಷ್ಯವೆಲ್ಲ ಹೊಲಿಗೆಯಲ್ಲೇ ಕಳೆದ ಹೆಂಗಸು. ಏನೇ ಸದ್ದು ಮಾಡಿದರೂ ಅವರ ಕೈ ತಾನಾಗಿ ಆ ಉದ್ದ ಮೂತಿಯ ಪುಟ್ಟ ಡಬ್ಬಿಯ ಕಡೆಗೆ ಹೋಗುತ್ತಿತ್ತು. ಸದ್ದು ಮಾಡಿಯೂ ಎಣ್ಣೆ ಕಾಣದವಳೆಂದರೆ ಆ ಮನೆಯಲ್ಲಿ ಸೊಸೆ ಒಬ್ಬಳೇ.

ಸೊಸೆಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಳಗಿನ ಪಾಳಿ. ಅಷ್ಟು ಹೊತ್ತಿಗೆ ಬಸ್ಸು ಇರುವುದಿಲ್ಲ. ಗಂಡ ಲಾರಿ ಓಡಿಸುವವನು, ಮನೆಗೆ ಬಂದರೆ ನೆಂಟನ ಹಾಗೆ ಎರಡು ದಿನ. ಹಾಗಾಗಿ ಅವಳಿಗೆ ಗತಿ ಸೈಕಲ್ಲೇ. ಚಳಿಗಾಲದಲ್ಲಿ ಸೈಕಲ್ಲು ಇಟ್ಟುಕೊಳ್ಳುವುದೆಂದರೆ ಎಮ್ಮೆ ಸಾಕಿದ ಹಾಗೆ, ಹಾಲು ಮಾತ್ರ ಇಲ್ಲ. ಹಿಮ ಕರಗಲೆಂದು ರಸ್ತೆಗೆಲ್ಲ ಉಪ್ಪು ಎರಚುತ್ತಾರಲ್ಲ, ಅದು ಹೋಗಿ ಕೂರುವುದು ಚೈನಿನ ಸಂದಿಯಲ್ಲಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ಇಲ್ಲಿ ಉಪ್ಪು ತಿನ್ನುವುದು ಚೈನು, ನೀರು ಹಿಡಿದುಕೊಂಡು ಕೂರುವವಳು ಇವಳು. ದಿನಾ ಸಂಜೆ ಮನೆಯೊಳಗೆ ಮುಂಬಾಗಿಲಿಗೆ ಹೋಗುವ ಓಣಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮಡ್‌ಗಾರ್ಡಿನೊಳಗೆ ಗಟ್ಟಿಯಾದ ಕೆಸರನ್ನು ಕೀಳಬೇಕು, ಚೈನನ್ನು ತೊಳೆದು, ಒರೆಸಿ, ಎಣ್ಣೆ ಬಿಡಬೇಕು, ಬೀಗದ ತೂತಿಗೆ ನೀರು ಹೋಗದ ಹಾಗೆ ಟೇಪು ಅಂಟಿಸಬೇಕು. ದಿನವಿಡೀ ಒದ್ದೆ ಹಾಸಿಗೆ ಬಟ್ಟೆ ಎತ್ತಿ ಎತ್ತಿ ಸೋತುಹೋದ ಕೈಯಲ್ಲೇ ಇದೆಲ್ಲ ಆಗಬೇಕು. ಅವಳಿಗೆ ಸುಸ್ತಾಗಿತ್ತು. ಒಂದು ರಾತ್ರಿ ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ ಅದು.

ಜಗಳ ಶುರುವಾದದ್ದೂ ಓಣಿಯಲ್ಲೇ. ಗಿರಾಕಿಗೆಂದು ಹೊಲಿದು ನೇತುಹಾಕಿದ್ದ ಬಿಳಿ ಪರದೆಗೆ ಒಂದು ಸಂಜೆ ಇವಳ ಚೈನು ತಗುಲಿ ಉದ್ದಕ್ಕೂ ಕಪ್ಪು ಗೀಟು ಬಿತ್ತು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಪರದೆಯನ್ನು ಬಿಚ್ಚಿ, ಹೊಸ ಬಟ್ಟೆ ಕತ್ತರಿಸಿ ಮೊದಲಿನಿಂದ ಹೊಲಿದರು, ಸೊಸೆಯ ಜೊತೆ ಮಾತು ಬಿಟ್ಟರು. ಅಂದಿನಿಂದ ಹೇಳಬೇಕಾದ್ದೆಲ್ಲ ಮಗಳ ಮೂಲಕ. ಮಗಳನ್ನು, ಅಂದರೆ ಸೊಸೆಯ ನಾದಿನಿಯನ್ನು, ಮನೆಯಲ್ಲಿ ಗುಬ್ಬಿ ಅನ್ನುತ್ತಿದ್ದರು.

“ಗುಬ್ಬೀ, ನಿಮ್ಮತ್ತಿಗೆಗೆ ಹೇಳು, ಸಾರು ಒಲೆ ಮೇಲಿದೆ ಅಂತ.”

ಅತ್ತಿಗೆ ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದಳು.

ಅಷ್ಟರಲ್ಲಿ ಬ್ರೇಕು ಕಿರುಚತೊಡಗಿತು. ಉಪ್ಪು, ಮರಳು ಎಲ್ಲ ಬ್ರೇಕಿನ ರಬ್ಬರಿನೊಳಗೆ ಸೇರಿಕೊಂಡಿದ್ದವು. ಓಣಿ ದಾಟಿ ಹೊರಬಿದ್ದರೆ ಇಳಿಜಾರು. ಬೆಳಗಿನ ಕತ್ತಲೆಯಲ್ಲಿ ಅವಳು ಅಲ್ಲಿ ಬ್ರೇಕು ಹಿಡಿದರೆ ಬೀದಿಗೆ ಬೀದಿಯೇ ಎದ್ದು ಕೂರುತ್ತಿತ್ತು.

“ಗುಬ್ಬೀ, ನಿಮ್ಮತ್ತಿಗೆಗೆ ಹೇಳು, ಆ ಸೈಕಲ್ಲು ಹಾಗೆ ಅರಚಿಕೊಳ್ಳೋದು ಮರ್ಯಾದಸ್ಥರ ಮನೆಗೆ ಒಪ್ಪಲ್ಲ. ಕೆಳಗಿನ ಮನೆ ಮೇಷ್ಟ್ರು ಬಂದು ಹೇಳಿ ಹೋದ್ರು.”

“ಗುಬ್ಬೀ, ಅತ್ತೆಗೆ ಹೇಳು, ಅದು ಕಿರುಚಿದ್ರೇನೇ ನಿಲ್ಲೋದು ಅಂತ.”

“ನಾನೇನು ಟಪಾಲಿನವಳಾ?” ಅಂದಳು ಗುಬ್ಬಿ. ಅಡುಗೆಮನೆಗೆ ಹೋಗಿ ನೀರು ಕುಡಿದು, ಏನೂ ಹೇಳದೆ ಮಲಗಿಬಿಟ್ಟಳು. ಮಿಷನ್ನಿನ ಸದ್ದಿನಲ್ಲಿ ಅತ್ತೆಗೆ ಸೊಸೆಯ ಆ ಮಾತು ಕೇಳಿಸಿರಲೇ ಇಲ್ಲ. ಎಲ್ಲ ಕೆಟ್ಟದ್ದು ಅಲ್ಲೇ.

ಒಂದು ಸಂಜೆ ಸೊಸೆ ಮನೆಗೆ ಬಂದವಳು ಸೈಕಲ್ಲನ್ನು ಗೋಡೆಗೊರಗಿಸಿ, ಕೋಟನ್ನೂ ಬಿಚ್ಚದೆ ಮಂಚದ ಮೇಲೆ ಬಿದ್ದುಕೊಂಡಳು. ಬೆಳಿಗ್ಗೆ ಎದ್ದು ನೋಡಿದರೆ ಸೈಕಲ್ಲು ಹೊಳೆಯುತ್ತಿತ್ತು. ಮಡ್‌ಗಾರ್ಡಿನೊಳಗೆ ಕೆಸರಿಲ್ಲ, ಚೈನಿನಲ್ಲಿ ತುಕ್ಕಿಲ್ಲ. ಗುಬ್ಬಿ ತನ್ನ ತಟ್ಟೆಯನ್ನೇ ತೊಳೆಯುವವಳಲ್ಲ. ಮತ್ತೆ ಇನ್ಯಾರು? ಮುಚ್ಚಿದ್ದ ಅತ್ತೆಯ ಕೋಣೆಯ ಬಾಗಿಲನ್ನು ನೋಡುತ್ತ ಅವಳು ನಿಂತಳು. ಬಾಗಿಲು ತಟ್ಟೋಣವೆನ್ನಿಸಿತು, ಹೊತ್ತಾಗಿತ್ತು, ಹೊರಟಳು.

ಇಳಿಜಾರಿನಲ್ಲಿ ಬ್ರೇಕು ಹಿಡಿದಳು. ಕಿರ್ ಅನ್ನಲಿಲ್ಲ. ನಿಲ್ಲಲೂ ಇಲ್ಲ.

ಕೆಳಗಿನ ಗೋಡೆ ಅವಳನ್ನು ನಿಲ್ಲಿಸಿತು. ಎಡಗೈಯ ಮಣಿಕಟ್ಟು ಲಟಕ್ ಅಂದದ್ದು ಅವಳಿಗೇ ಕೇಳಿಸಿತು. ಹಿಮದ ಮೇಲೆ ಕೂತು ಬಲಗೈಯಿಂದ ಗಾಲಿಯ ಅಂಚನ್ನು ಮುಟ್ಟಿ, ಬೆರಳು ಮೂಸಿದಳು. ಹೊಲಿಗೆ ಮಿಷನ್ನಿನ ಎಣ್ಣೆ. ಚೈನಿಗೆ ಬಿಟ್ಟ ಹಾಗೆ ಬ್ರೇಕಿಗೂ ಬಿಟ್ಟಿದ್ದರು. ಕಿರ್ ಅಂದದ್ದಕ್ಕೆಲ್ಲ ಎಣ್ಣೆ, ಇನ್ನೇನು ಮಾಡಿಯಾರು?

ಕೈಗೆ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದಾಗ ಅತ್ತೆ ಮಿಷನ್ನು ಬಿಟ್ಟು ಎದ್ದು ಬಂದರು. ಗುಬ್ಬಿ ಅಲ್ಲೇ ಇದ್ದಳು, ಆದರೆ ಅತ್ತೆ ಅವಳ ಕಡೆ ತಿರುಗಲಿಲ್ಲ.

“ಏನಾಯ್ತೇ? ಹೇಗೆ ಬಿದ್ದೆ?”

ಎಷ್ಟೋ ವಾರಗಳ ಮೇಲೆ ಕಿವಿಗೆ ಬಿದ್ದ ಮಾತು. ಸೊಸೆಗೆ ನಿಜ ನಾಲಿಗೆಯ ತುದಿಯಲ್ಲೇ ಇತ್ತು.

“ಮಂಜುಗಡ್ಡೆ ಮೇಲೆ ಜಾರಿತು, ಅತ್ತೆ.”

“ನೀನು ಹಾಗೇ ಬಿದ್ದುಕೊಂಡಿದ್ದು ನೋಡೋಕಾಗ್ಲಿಲ್ಲ ಕಣೇ. ನಾನೇ ಒರೆಸಿ ಎಣ್ಣೆ ಹಾಕಿದ್ದೆ. ಆದ್ರೂ ಹೀಗಾಯ್ತಲ್ಲ.”

“ನೋಡಿದೆ ಅತ್ತೆ. ತುಂಬ ಚೆನ್ನಾಗಿ ಮಾಡಿದ್ರಿ.”

ಸುಳ್ಳಿನಿಂದ ಯಾರಿಗೆ ನಷ್ಟ? ಗೋಡೆಗೆ ಬಡಿದರೂ ಸೈಕಲ್ಲಿಗೆ ಏನೂ ಆಗಿರಲಿಲ್ಲ, ಕೈ ಸರಿಹೋಗುವ ತನಕ ಅದನ್ನು ಯಾರೂ ಮುಟ್ಟುವುದಿಲ್ಲ. ಆಮೇಲೆ ತಾನೇ ಗುಟ್ಟಾಗಿ ತೊಳೆದರಾಯಿತು. ಅತ್ತೆ ಅವಳ ತಲೆ ಬಾಚಿದರು, ಸ್ವೆಟರಿನ ಗುಂಡಿ ಹಾಕಿದರು, ಬ್ರೆಡ್ಡು ಮುರಿದು ಸಾರಿನಲ್ಲಿ ನೆನೆಸಿಕೊಟ್ಟರು. ಮಾತಾಡಿದರು, ಮಾತಾಡಿದರು, ಕಟ್ಟೆ ಒಡೆದ ಹಾಗೆ ಮಾತಾಡಿದರು. ಕೈ ಮುರಿದದ್ದೇ ಒಳ್ಳೆಯದಾಯಿತೆಂದು ಸೊಸೆಗೆ ಒಂದು ಗಳಿಗೆ ಅನ್ನಿಸಿದ್ದೂ ಸುಳ್ಳಲ್ಲ.

ಆದರೆ ಕೆಲಸದ ಜಾಗದಿಂದ ಮೇಲ್ವಿಚಾರಕಿ ಹೇಳಿ ಕಳಿಸಿದಳು: ಬದಲಿಗೆ ಮನೆಯವರು ಯಾರಾದರೂ ಬಂದರೆ ಜಾಗ ಉಳಿಯುತ್ತದೆ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ. ಗುಬ್ಬಿ ಮುಖ ಊದಿಸಿಕೊಂಡೇ ಒಪ್ಪಿದಳು. “ನಾಳೆಯಿಂದ ನಾನೇ ಹೋಗ್ತೀನಿ ಅತ್ತಿಗೆ. ಆ ನಿಮ್ಮ ಸೈಕಲ್ಲು ಕೊಡಿ.”

ಆ ಸಂಜೆ ಸೊಸೆ ಓಣಿಗೆ ಬಂದಾಗ ಅತ್ತೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಅವಳು ಕೂರುತ್ತಿದ್ದ ಜಾಗದಲ್ಲೇ. ಎಣ್ಣೆ ಡಬ್ಬಿಯ ತಳ ಟಕ್ ಟಕ್ ಅನ್ನುತ್ತಿತ್ತು.

“ನೋಡು, ಈ ಸಲ ಬ್ರೇಕಿಗೆ ಧಾರಾಳವಾಗೇ ಹಾಕಿದೀನಿ. ಒಂಚೂರೂ ಸದ್ದಿಲ್ಲ. ಗುಬ್ಬಿ ಕೈ ಮೆತ್ತಗೆ, ಬಿಗಿಯಾಗಿದ್ರೆ ಹಿಡಿಯೋಕಾಗಲ್ಲ ಅವಳಿಗೆ.” ಗಾಲಿಯನ್ನು ಒಮ್ಮೆ ತಿರುಗಿಸಿ ತೋರಿಸಿದರು. ಅದು ಸದ್ದಿಲ್ಲದೆ ತಿರುಗಿತು.

ಸೊಸೆ ಗೋಡೆ ಹಿಡಿದು ನಿಂತಳು. ಹೇಳಿದರೆ ಬಂದ ಮಾತು ಹೋಗುತ್ತದೆ, ಮತ್ತೆ ವಾರಗಟ್ಟಲೆ ಆ ಗೋಡೆಯಂಥ ಮುಖ. ಹೇಳದಿದ್ದರೆ ಬೆಳಿಗ್ಗೆ ಇಳಿಜಾರಿನಲ್ಲಿ ಗುಬ್ಬಿ.

“ಅತ್ತೆ, ಬ್ರೇಕಿಗೆ ಎಣ್ಣೆ ಹಾಕಬಾರ್ದು. ಹಾಕಿದ್ರೆ ರಬ್ಬರು ಹಿಡಿಯಲ್ಲ, ಗಾಲಿ ನಿಲ್ಲಲ್ಲ.”

ಡಬ್ಬಿಯ ಟಕ್ ಟಕ್ ನಿಂತಿತು. ಅತ್ತೆ ಅವಳ ಕೈಯ ಪಟ್ಟಿಯನ್ನು ನೋಡಿದರು, ಗಾಲಿಯನ್ನು ನೋಡಿದರು.

“ನಿಂಗೆ ಅವತ್ತೇ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಮಂಜುಗಡ್ಡೆ ಅಂದೆ.”

“ನೀವು ಮಾತಾಡಿದ್ರಲ್ಲ ಅತ್ತೆ. ಅದಕ್ಕೇ.”

ಅತ್ತೆ ಡಬ್ಬಿಯನ್ನು ನೆಲಕ್ಕಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡರು, ಎಷ್ಟೋ ಹೊತ್ತು ಒರೆಸಿಕೊಂಡರು. ಆಮೇಲೆ ಒಳಗೆ ತಿರುಗಿ ಕೂಗಿದರು.

“ಗುಬ್ಬೀ.”

ಟಪಾಲು ಮತ್ತೆ ಶುರುವಾಯಿತು ಅಂದುಕೊಂಡಳು ಸೊಸೆ.

“ಗುಬ್ಬೀ, ಬಿಸಿನೀರು, ಸೋಪಿನ ಪುಡಿ ತಗೊಂಡು ಬಾ.” ಆಮೇಲೆ ಅತ್ತೆ ಸೊಸೆಯ ಕಡೆಗೇ ನೋಡಿದರು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಎಂದಿನ ಗಡಸು. “ಇನ್ನು ಎಲ್ಲೆಲ್ಲಿ ಹಾಕಬಾರ್ದು, ಈಗಲೇ ಹೇಳ್ಬಿಡು. ನನ್ನ ಹತ್ರಾನೇ ಹೇಳು.”

ಸೊಸೆ ಸ್ಟೂಲಿನ ಮೇಲೆ ಕೂತು ಹೇಳಿದಳು, ಅತ್ತೆ ತೊಳೆದರು. ಗಾಲಿಯ ಅಂಚನ್ನು ಸೋಪು ಹಾಕಿ ಉಜ್ಜಿದರು, ರಬ್ಬರಿನ ಎಣ್ಣೆ ಹೋಗುವ ತನಕ ಒರಟು ಉಪ್ಪುಕಾಗದದಿಂದ ತಿಕ್ಕಿದರು.

ಬೆಳಿಗ್ಗೆ ಗುಬ್ಬಿ ಗೊಣಗುತ್ತ ಹೊರಟಳು. ಇಬ್ಬರೂ ಅಡುಗೆಮನೆಯಲ್ಲಿ ಚಹಾದ ಲೋಟ ಹಿಡಿದು ಕೂತರು. ಕುಡಿಯಲಿಲ್ಲ. ಓಣಿಯಲ್ಲಿ ಸೈಕಲ್ಲಿನ ಸದ್ದು ದೂರವಾಯಿತು, ಆಮೇಲೆ ಏನೂ ಇಲ್ಲ. ಅತ್ತೆಯ ಕೈ ಮೇಜಿನ ಮೇಲೆ ಸರಿದು ಸೊಸೆಯ ಬಲಗೈಯನ್ನು ಹಿಡಿದುಕೊಂಡಿತು.

ಕೆಳಗಿನಿಂದ ಬಂತು, ಉದ್ದಕ್ಕೆ, ಬೀದಿಯೆಲ್ಲ ಏಳುವ ಹಾಗೆ: ಕಿರ್‍ರ್.

ಮೇಷ್ಟ್ರ ಮನೆಯ ಕಿಟಕಿ ದಡಾರನೆ ಮುಚ್ಚಿಕೊಂಡಿತು.

“ಬೈಕೊಳ್ಲಿ ಬಿಡು,” ಅಂದರು ಅತ್ತೆ. “ಚಹಾ ಆರಿಹೋಯ್ತು, ಕೊಡು, ಬಿಸಿ ಮಾಡ್ತೀನಿ.”