ಸಪ್ಪೆ ಸಾಲು

ನನ್ನ ತಮ್ಮನಿಗೆ ಬುದ್ಧಿ ಇಲ್ಲ ಎಂದು ನಾನು ಯಾರ ಮುಂದೆಯೂ ಹೇಳಿಲ್ಲ. ಇದೆ. ಆದರೆ ಅದು ಯಾವಾಗಲೂ ಅವನ ಕೈಗಿಂತ ಹಿಂದೆ ನಡೆದುಕೊಂಡು ಬರುತ್ತದೆ.

ಅಮ್ಮ ತೀರಿಕೊಂಡ ಮೇಲಿನ ಮೊದಲ ಚಳಿಗಾಲ. ನೆಲಮಾಳಿಗೆಯಲ್ಲಿ ಪೀಪಾಯಿ ತೊಳೆಯುತ್ತಿದ್ದವಳಿಗೆ ಹೊಗೆ ವಾಸನೆ ಬಂತು. ಮೇಲೆ ಬಂದು ನೋಡಿದರೆ, ತಮ್ಮ ತೋಟದ ನಡುವಿನ ಸಪ್ಪೆ ಸಾಲನ್ನು ಬುಡಸಮೇತ ಕಿತ್ತು ರಾಶಿ ಹಾಕಿ ಬೆಂಕಿ ಕೊಟ್ಟಿದ್ದಾನೆ.

"ಏನೋ ಇದು?"

"ಶುದ್ಧ ಮಾಡ್ತಿದ್ದೀನಕ್ಕ."

"ತೋಟಾನೋ, ನಿನ್ನ ತಲೇನೋ?"

ಬೈದೆ. ಬೈದು ಏನು ಬಂತು, ಬೂದಿ ಬೇರು ಬಿಡುತ್ತದೆಯೇ?

ನಮ್ಮದು ಅಂಗೈಯಷ್ಟು ತೋಟ. ಇರುವುದೆಲ್ಲ ಇದ್ದಿಲು ದ್ರಾಕ್ಷಿ. ಸಣ್ಣ ಹಣ್ಣು, ಹಿಂಡಿದರೆ ರಸವೇ ಕರಿಗೆಂಪು. ಕೊಯ್ಲು ಮುಗಿದು ತಿಂಗಳಾದರೂ ಉಗುರಿನ ಸಂದಿಯ ಕಪ್ಪು ಹೋಗುವುದಿಲ್ಲ. ಸುತ್ತಮುತ್ತ ಯಾರ ಬಳಿಯೂ ಈ ಬಳ್ಳಿ ಇಲ್ಲ. ವರ್ಷಕ್ಕೆ ಒಂದೇ ಪೀಪಾಯಿ ವೈನ್ ಆಗುತ್ತದೆ. ನಡುವೆ ಒಂದು ಸಾಲು ಮಾತ್ರ ಬೇರೆ ಜಾತಿ: ನೀರು ನೀರಾದ ಬಿಳಿ ಹಣ್ಣು. ಅದಕ್ಕೇ ಸಪ್ಪೆ ಸಾಲು ಎಂದು ಹೆಸರು. ಅಮ್ಮ ಕೊಯ್ಲಿನ ದಿನ ಅದನ್ನೂ ತೊಟ್ಟಿಗೆ ಸುರಿಯುತ್ತಿದ್ದಳು. ಯಾಕಮ್ಮ ಎಂದರೆ, "ಇರ್ಲಿ ಬಿಡು, ಅದ್ರ ಪಾಡಿಗೆ ಅದು ಇರ್ಲಿ" ಎನ್ನುತ್ತಿದ್ದಳು. ಅಷ್ಟೇ.

ಪೇಟೆಯ ಹೋಟೆಲಿನ ಯಜಮಾನಿ ಹಿಂದಿನ ವರ್ಷದ ವೈನ್ ಕುಡಿದು, ಇಂಥದ್ದು ನಾಲಿಗೆಗೆ ಬಿದ್ದೇ ಇಲ್ಲ, ಇದ್ದಿಲು ದ್ರಾಕ್ಷಿ ಒಂದನ್ನೇ ಹಾಕಿ ಮಾಡಿಕೊಡಿ, ಹೋಟೆಲಿನ ಮುಂದೆಯೇ ಇಡುತ್ತೇನೆ ಎಂದಿದ್ದಳು. ತಮ್ಮ ಅದನ್ನೇ ವೇದವಾಕ್ಯ ಮಾಡಿಕೊಂಡ.

ವಸಂತ ಬಂತು, ಬಳ್ಳಿ ಸೊಗಸಾಗಿ ಚಿಗುರಿತು, ಹೂವೂ ಬಿಟ್ಟಿತು. ದ್ರಾಕ್ಷಿಯ ಹೂವನ್ನು ಹೂವೆನ್ನಲೂ ನಾಚಿಕೆಯಾಗಬೇಕು, ಹಸಿರು ಸಾಸಿವೆ ಕಾಳಿನ ಗೊಂಚಲು. ಅದು ಕಾಯಿ ಕಚ್ಚಬೇಕು. ಕಚ್ಚಲಿಲ್ಲ. ಕೈ ಸವರಿದರೆ, ಮೊದಲು ಅರಳಿದ್ದೆಲ್ಲ ಹೊಟ್ಟಿನಂತೆ ಅಂಗೈಗೆ ಉದುರಿತು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ತೊಳೆದ ಬಾಟಲಿಗಳನ್ನೇ ಮತ್ತೆ ತೊಳೆದೆ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಯಿತು. ತುತ್ತು ಬಾಯಿಗಿಡುವಾಗ ಎದ್ದು ತೋಟಕ್ಕೆ ಹೋಗಿ, ಏನೂ ಮಾಡಲಾಗದೆ ತಿರುಗಿ ಬರುತ್ತಿದ್ದೆ. ಅಮ್ಮನ ಪೀಪಾಯಿ ಅವಳು ಹೋದ ವರ್ಷವೇ ಖಾಲಿ ಬಿದ್ದರೆ, ಮಕ್ಕಳ ಕೈಗುಣ ಎಂದು ಊರೇ ಆಡಿಕೊಳ್ಳುತ್ತದೆ. ಊರು ಹಾಳಾಗಲಿ, ನಾನೇ ನನ್ನ ಮುಖ ನೋಡಿಕೊಳ್ಳುವುದು ಹೇಗೆ?

"ಚಳಿಗೆ ಹೀಗಾಗಿದೆ" ಎಂದ ತಮ್ಮ. ಮಾರನೆಯ ದಿನ "ಗಾಳಿಗೆ" ಎಂದ.

"ನಾಳೆ ಗ್ರಹಣಕ್ಕೆ ಅನ್ನು" ಎಂದೆ.

ಅಂದು ಹಾಗೆಯೇ ಸಿಟ್ಟಿನಲ್ಲಿ ನಡೆಯುತ್ತ ಬೇಲಿಯ ತನಕ ಹೋದೆ. ಬೇಲಿಗೆ ತಾಗಿದ ಬಳ್ಳಿಗಳಲ್ಲಿ ಮಾತ್ರ ಗುಂಡುಸೂಜಿಯ ತಲೆಯಷ್ಟು ಕಾಯಿ ನಿಂತಿತ್ತು! ನೆಲ ಅದೇ, ಗೊಬ್ಬರ ಅದೇ. ಮೂಗಿಗೆ ಏನೋ ಸಿಹಿ ವಾಸನೆ ಬಡಿಯಿತು. ಬೇಲಿಯಾಚೆ ಸೋದರಮಾವನ ತೋಟ, ಅಷ್ಟೂ ಬಿಳಿ ಸಪ್ಪೆ ದ್ರಾಕ್ಷಿ, ಹೂವು ತುಂಬಿ ನಿಂತಿದೆ. ಕೈ ಚಾಚಿ ಒಂದು ಗೊಂಚಲು ತಟ್ಟಿದೆ, ಬೆರಳಿಗೆ ಹಳದಿ ಧೂಳು ಹತ್ತಿತು. ನಮ್ಮದನ್ನು ತಟ್ಟಿದೆ, ಏನೂ ಹತ್ತಲಿಲ್ಲ. ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ನಮ್ಮ ಹೂವಿನಲ್ಲಿ ಆ ಧೂಳು ಹೊರಬೇಕಾದ ಎಳೆಗಳೆಲ್ಲ ಕೆಳಗೆ ಬಾಗಿ ಮುದುಡಿವೆ. ಇದ್ದಿಲು ದ್ರಾಕ್ಷಿ ಬರೀ ಹೆಣ್ಣು. ಪಕ್ಕದಲ್ಲಿ ಬೇರೆ ಜಾತಿಯ ಬಳ್ಳಿ ಇಲ್ಲದಿದ್ದರೆ ಅದು ಬಂಜೆ.

ಸಪ್ಪೆ ಸಾಲನ್ನು ತಿಂದುಂಡು ಬಿದ್ದಿರುವ ಮನೆಯಳಿಯ ಎಂದುಕೊಂಡು ತಮ್ಮ ಕಿತ್ತೆಸೆದದ್ದು ಮನೆಯ ಗಂಡಸನ್ನೇ.

ಮನೆಗೆ ಓಡಿದೆ.

"ನಡಿ, ಮಾವನ ಹತ್ರ ಹೂವು ಕೇಳ್ಬೇಕು."

"ನಾನು ಬರಲ್ಲ."

ಬರಲಾರನೆಂದು ನನಗೂ ಗೊತ್ತಿತ್ತು. ಹೋದ ಸುಗ್ಗಿಯಲ್ಲಿ ಹೋಟೆಲಿನಲ್ಲಿ ನಾಲ್ಕು ಜನರೆದುರು, ಮಾವನ ಹಣ್ಣು ಹಂದಿಗೆ ಹಾಕೋಕೆ ಲಾಯಕ್ಕು ಎಂದುಬಿಟ್ಟಿದ್ದ. ಅಂದಿನಿಂದ ಮಾವ ನಮ್ಮ ಮನೆಯ ದಿಕ್ಕಿಗೆ ಕೆಮ್ಮುವುದನ್ನೂ ಬಿಟ್ಟಿದ್ದ.

"ಮೋಡ ಕಟ್ತಿದೆ, ಕಾಣ್ತಿಲ್ವಾ? ಮಳೆ ಬಂದ್ರೆ ಅವರ ಹೂವಿನ ಧೂಳೂ ತೊಳೆದು ಹೋಗುತ್ತೆ. ಎದ್ದೇಳು, ಇಲ್ಲಾಂದ್ರೆ ಕಿವಿ ಹಿಡಿದು ಎಳ್ಕೊಂಡು ಹೋಗ್ತೀನಿ."

ತಲೆ ಬೋಳಾದ ತಮ್ಮ ಕಿವಿ ಮುಚ್ಚಿಕೊಂಡೇ ಎದ್ದ.

ಮಾವ ಷೆಡ್ಡಿನಲ್ಲಿ ಪಂಪಿನ ಪೈಪಿಗೆ ತಂತಿ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

"ಓಹೋ, ದೊಡ್ಡ ಮನುಷ್ಯರು ಹಂದಿ ಗೂಡಿಗೆ ಬಂದ್ರಲ್ಲ."

"ಮಾವ, ಹೂವು ಬೇಕಿತ್ತು."

"ಯಾರದ್ದಮ್ಮ ಮದುವೆ?"

"ನಮ್ಮ ಬಳ್ಳೀದು."

ಮಾವ ಒಂದು ಕ್ಷಣ ನನ್ನನ್ನೇ ನೋಡಿದ. ತಮ್ಮನನ್ನು ನೋಡಿದ. ಕಳೆದ ಚಳಿಗಾಲದ ಹೊಗೆ ಅವನಿಗೂ ಕಂಡಿರಬೇಕು. ನಗು ಶುರುವಾಗಿ ಕೆಮ್ಮಿನಲ್ಲಿ ಮುಗಿಯಿತು.

"ಆ ಸಾಲು ನೆಟ್ಟುಕೊಟ್ಟವನೇ ನಾನು ಕಣಯ್ಯಾ! ನಿಮ್ಮಮ್ಮ ಮದುವೆಯಾಗಿ ಬಂದಾಗ ಆ ತೋಟದಲ್ಲಿ ಎಲೆ ಬಿಟ್ರೆ ಏನೂ ಇರ್ಲಿಲ್ಲ. ಇರ್ಲಿ. ಬಾಯಿ ಯಾರು ಬಿಟ್ಟಿದ್ದೋ ಅವನೇ ಕೇಳ್ಲಿ."

ಹೊರಗೆ ಗುಡುಗು ಉರುಳಿತು. ನಾನು ತಮ್ಮನ ಬೆನ್ನಿಗೆ ಗುದ್ದಿದೆ.

"ಹೂವು ಕೊಡು ಮಾವ" ಎಂದ ಅವನು, ಪೈಪಿಗೆ ಹೇಳಿದ ಹಾಗೆ.

"ಎಂಥಾ ಹಣ್ಣಿಂದು?"

"ಒಳ್ಳೇ ಹಣ್ಣಿಂದು."

"ಸುಳ್ಳು ಬೊಗಳ್ಬೇಡ. ಸಪ್ಪೇನೇ ಅದು, ನಂಗೊತ್ತು. ಸಪ್ಪೆ ಅನ್ನೋದು ಬೇರೆ, ಹಂದಿಗೆ ಹಾಕೋದು ಅನ್ನೋದು ಬೇರೆ."

"ಸಪ್ಪೆ ಹಣ್ಣಿಂದು ಮಾವ."

"ಹಾಂ, ಈಗ ದಾರಿಗೆ ಬಂದೆ" ಎಂದು ಕತ್ತರಿ ಎತ್ತಿಕೊಂಡ.

ಹೂಬಿಟ್ಟ ಕೊಂಬೆಗಳನ್ನು ಕತ್ತರಿಸಿದೆವು. ವೈನಿಗೆಂದು ಇಟ್ಟಿದ್ದ ಖಾಲಿ ಬಾಟಲಿಗಳಿಗೆ ನೀರು ತುಂಬಿ, ಅವುಗಳಲ್ಲಿ ಕೊಂಬೆ ನಿಲ್ಲಿಸಿ, ನಮ್ಮ ಸಾಲುಗಳ ತಂತಿಗೆ ಕಟ್ಟಿದೆವು. ಧೂಳು ಹೊತ್ತೊಯ್ಯಬೇಕಾದ ಗಾಳಿ ಆಗಲೇ ಸತ್ತುಬಿತ್ತು. ಇಡೀ ವಾರ ಬೀಸಿದ ಹಾಳು ಗಾಳಿಗೆ ಅಂದೇ ನಿದ್ದೆ! ಕಾಯುತ್ತ ಕೂರಲು ನನ್ನಿಂದಾಗಲಿಲ್ಲ. ಮಾವನ ತೋಟದ ಒಂದೊಂದು ಹೂಗೊಂಚಲು ಹಿಡಿದು ನಮ್ಮ ಗೊಂಚಲುಗಳಿಗೆ ಸವರುತ್ತ ಹೊರಟೆ. ಅವರಿಬ್ಬರೂ ಹಿಂದೆ ಬಂದರು. ಸಾಲಿನ ಆಚೆ ಬದಿಯಿಂದ ಮಾವ, "ಮೆತ್ತಗೆ ಕಣೋ, ಮದುವೆ ಮಾಡಿಸ್ತಿದ್ದೀಯೋ, ಗೋಡೆಗೆ ಸುಣ್ಣ ಬಳೀತಿದ್ದೀಯೋ?" ಎಂದು ಬೈಯುತ್ತಲೇ ಇದ್ದ. ಕೊನೆಯ ಸಾಲು ಮುಗಿಯುವ ಮೊದಲೇ ಹನಿ ಬಿತ್ತು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ. ದಿನಕ್ಕೆ ಹತ್ತು ಸಲ ಎಲೆ ಸರಿಸಿ ನೋಡುವುದು, ಬೈದುಕೊಳ್ಳುವುದು. ಕಾಯಿ ಕಚ್ಚಿತು, ಆದರೆ ಎಲ್ಲ ಕಡೆ ಅಲ್ಲ. ಒಂದು ಗೊಂಚಲು ತುಂಬಿದ್ದರೆ ಪಕ್ಕದ್ದು ಹಲ್ಲುದುರಿದ ಬಾಯಿ. ಮಳೆಗೆ ಸಿಕ್ಕ ಸಾಲಿನಲ್ಲಿ ಏನೂ ಇಲ್ಲ.

ಸುಗ್ಗಿ ಬಂತು. ಕೊಯ್ದು, ತೊಟ್ಟಿಗೆ ಹಾಕಿ ತುಳಿದೆವು. ಆ ತೊಟ್ಟಿಯ ಒಳಗೋಡೆಯಲ್ಲಿ ಅಮ್ಮ ಮೊಳೆಯಿಂದ ಗೀರಿದ ಒಂದು ಗೆರೆಯಿದೆ. ಹಣ್ಣು ಅಲ್ಲಿಗೆ ಮುಟ್ಟಿದರೆ ಪೀಪಾಯಿ ಬಾಯಿತನಕ ತುಂಬುತ್ತದೆ. ತುಂಬದ ಪೀಪಾಯಿಯೊಳಗೆ ಗಾಳಿ ಕೂತು ವೈನು ಹುಳಿ ಹಿಡಿಯುತ್ತದೆ, ಆಮೇಲೆ ಅದು ಪಾತ್ರೆ ಉಜ್ಜಲಿಕ್ಕಷ್ಟೇ ಲಾಯಕ್ಕು. ನಮ್ಮ ಹಣ್ಣು ಗೆರೆಯಿಂದ ಒಂದು ಗೇಣು ಕೆಳಗೇ ನಿಂತಿತು.

ನಾನು ತಮ್ಮನ ಮುಖ ನೋಡಲಿಲ್ಲ. ನೋಡಿದ್ದರೆ ಏನಾದರೂ ಎಸೆಯುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಸಿಟ್ಟು ಮಾಡಿಕೊಂಡು ಹೋದ, ಹೋಗಲಿ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ತಳ್ಳುಗಾಡಿಯ ಗಡಗಡ. ಮುಂದೆ ತಮ್ಮ, ಹಿಂದೆ ಮಾವ, ಗಾಡಿಯ ತುಂಬ ಬಿಳಿ ಹಣ್ಣಿನ ಬುಟ್ಟಿಗಳು.

"ನಾನು ಕಳಿಸ್ಲಿಲ್ಲಮ್ಮ," ಎಂದ ಮಾವ, "ಇವನೇ ಬಂದು ಬಾಯಿ ಬಿಟ್ಟ. ನಂಗೇ ದಿಗಿಲಾಯ್ತು, ಜ್ವರ ಗಿರ ಬಂದಿದ್ಯೇನೋ ಅಂತ."

ಬುಟ್ಟಿ ಬೋರಲು ಹಾಕಿದರು. ಕಪ್ಪು ರಸ ಮೇಲೇರಿ ಬಿಳಿ ಹಣ್ಣನ್ನು ನುಂಗಿತು. ಗೆರೆ ಮುಟ್ಟಿತು.

ತಮ್ಮ ತೊಟ್ಟಿಯ ಅಂಚು ಹಿಡಿದು ನಿಂತ. "ಅಕ್ಕ, ಇದು ಶುದ್ಧ ಅಲ್ವಲ್ಲ. ಹೋಟೆಲಿನವಳಿಗೆ ಏನು ಹೇಳೋದು?"

"ಅವಳು ಹೋದ ವರ್ಷ ಕುಡಿದು ಹೊಗಳಿದ್ದು ಯಾವ್ದನ್ನೋ ಕತ್ತೆ?"

"ಅಮ್ಮ ಮಾಡಿದ್ದನ್ನ."

"ಅದ್ರಲ್ಲಿ ಏನಿತ್ತು?"

ಅವನ ಬುದ್ಧಿ ಬರುತ್ತಿರುವುದು ಕಂಡಿತು, ತಡವಾಗಿ, ಏದುಸಿರು ಬಿಡುತ್ತ. ಅದು ಪೂರ್ತಿ ಬರುವವರೆಗೆ ಕಾಯಲು ನನಗೆ ಪುರುಸೊತ್ತಿರಲಿಲ್ಲ. ಸಿಪ್ಪೆ ಮೇಲೆ ತೇಲಿ ಒಣಗುವ ಮೊದಲು ಅದುಮಬೇಕಿತ್ತು. ಕೋಲು ಅವನ ಕೈಗೆ ತುರುಕಿ, ಇನ್ನೊಂದನ್ನು ನಾನು ಹಿಡಿದೆ.